ಲೇಬರ್ ಡೇ ವಾರಾಂತ್ಯಕ್ಕೆ ಇಬ್ಬರೇ ಸ್ಯಾಂಟಾ ಫೆಗೆ: ಏನು ನೋಡೋದು, ಏನು ಬಿಡೋದು?

ಪ್ಲೇನೋ ಜೋಡಿ
ಎಲ್ಲರಿಗೂ ನಮಸ್ಕಾರ. ನಾವಿರೋದು ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರದ ರಜೆ) ವಾರಾಂತ್ಯಕ್ಕೆ ನಾನು, ನನ್ನ ಗಂಡ ಇಬ್ಬರೇ ನ್ಯೂ ಮೆಕ್ಸಿಕೋದ ಸ್ಯಾಂಟಾ ಫೆಗೆ ಹೋಗೋಣ ಅಂತಿದ್ದೇವೆ. ಅತ್ತೆ ಮಾವ ಊರಿಂದ ಬಂದಿದ್ದಾರೆ. "ಮಗೂನ ನಾವು ನೋಡ್ಕೋತೀವಿ, ನೀವು ಎಲ್ಲಾದರೂ ಹೋಗಿ ಬನ್ನಿ" ಅಂತ ಅವರೇ ದಬ್ಬುತ್ತಿದ್ದಾರೆ. ಇಂಥ ಅವಕಾಶ ಮತ್ತೆ ಯಾವಾಗ ಸಿಗುತ್ತೋ!

ತಕರಾರು ಇರೋದು ಪಟ್ಟಿಯಲ್ಲಿ. ನಮ್ಮವರು ಎಕ್ಸೆಲ್ ಶೀಟ್ ಮಾಡಿದ್ದಾರೆ. ಲಾಸ್ ಅಲಮೋಸ್, ಬ್ಯಾಂಡೆಲಿಯರ್, ಟಾವೋಸ್, ವೈಟ್ ಸ್ಯಾಂಡ್ಸ್, ಅಲ್ಬುಕರ್ಕಿ, ಎಲ್ಲಾ ಇದೆ. ದಿನಾ ಬೆಳಿಗ್ಗೆ ಏಳಕ್ಕೆ ಶುರು. ನನಗೆ ಬೇಕಿರೋದು ಇಷ್ಟೇ: ಅಲಾರಂ ಇಲ್ಲದೆ ಏಳಬೇಕು, ಸುಮ್ನೆ ಅಡ್ಡಾಡಬೇಕು, ಕಾಫಿ ಬಿಸಿ ಇರುವಾಗಲೇ ಕುಡಿಯಬೇಕು. ಚಿಕ್ಕ ಮಕ್ಕಳಿರುವವರಿಗೆ ಕೊನೆಯದು ಎಂಥ ಭಾಗ್ಯ ಅಂತ ಗೊತ್ತಿರುತ್ತೆ.

ಕಾರಲ್ಲಿ ಹೋಗೋದಾ, ವಿಮಾನವಾ? ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ? ಆ ಶುಕ್ರವಾರ ಅಲ್ಲಿ ದೊಡ್ಡ ಗೊಂಬೆ ಸುಡ್ತಾರೆ ಅಂತ ಓದಿದೆ. ಜನಜಂಗುಳಿಗೆ ಹೆದರಿ ಬೇರೆ ವಾರ ನೋಡಬೇಕಾ?

ಅಲ್ಬುಕರ್ಕಿ ನಿವಾಸಿ
ಮೊದಲು ಶೀಟ್‌ನಿಂದ ವೈಟ್ ಸ್ಯಾಂಡ್ಸ್ ತೆಗೆಯಿರಿ. ಅದು ರಾಜ್ಯದ ದಕ್ಷಿಣದ ತುದಿ. ಸ್ಯಾಂಟಾ ಫೆಯಿಂದ ಹೋಗೋಕೇ ನಾಲ್ಕು ಗಂಟೆ ಬೇಕು, ಬರೋಕೆ ಮತ್ತೆ ನಾಲ್ಕು. ಬಿಳಿ ಜಿಪ್ಸಮ್ ಮರಳಿನ ದಿಬ್ಬಗಳು ಚೆನ್ನಾಗಿವೆ, ಇಲ್ಲ ಅನ್ನಲ್ಲ. ಆದರೆ ಅದು ಎಲ್ ಪಾಸೋ ಕಡೆ ಹೋದಾಗ ನೋಡುವ ಜಾಗ.

ಮರುಭೂಮಿ ಅಂದ ತಕ್ಷಣ ನಮ್ಮವರೆಲ್ಲ ಮರಳು, ಬಿಸಿಲು ಅಂದುಕೊಂಡು ಬರ್ತಾರೆ. ಸ್ಯಾಂಟಾ ಫೆ ಇರೋದು ಸುಮಾರು 7,000 ಅಡಿ ಎತ್ತರದಲ್ಲಿ. ಒಣ ನೆಲ, ಅಲ್ಲಲ್ಲಿ ಕುಳ್ಳಗೆ ಬೆಳೆದ ಜೂನಿಪರ್, ಪಿನ್ಯೋನ್ ಮರಗಳು, ಊರಿನ ಬೆನ್ನಿಗೇ ಬೆಟ್ಟ. ಚಳಿಗಾಲದಲ್ಲಿ ಹಿಮ ಬೀಳುತ್ತೆ, ಬೆಟ್ಟದ ಮೇಲೆ ಸ್ಕೀ ಆಡ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಹಗಲು ಬಿಸಿಲು, ಸಂಜೆಯಾದರೆ ಸ್ವೆಟರ್. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇರುತ್ತೆ. ನೀವು ಹೋಗುವಾಗಲೂ ಒಂದೆರಡು ಹನಿ ಬೀಳಬಹುದು.

ಹೈವೇ 287
ಡಲ್ಲಾಸ್‌ನಿಂದ ಸುಮಾರು 640 ಮೈಲಿ. ವಿಚಿಟಾ ಫಾಲ್ಸ್, ಅಮರಿಲ್ಲೋ, ಅಲ್ಲಿಂದ ಐ-40 ಹೆದ್ದಾರಿ ಹಿಡಿದು ಕ್ಲೈನ್ಸ್ ಕಾರ್ನರ್ಸ್, ಆಮೇಲೆ ಬಲಕ್ಕೆ ತಿರುಗಿ 285ರಲ್ಲಿ ಉತ್ತರಕ್ಕೆ. ಹತ್ತು ಗಂಟೆ ಕಾರು. ಹೋಗುವಾಗ ಟೈಮ್ ಝೋನ್ ದಾಟಿ ಒಂದು ಗಂಟೆ ಲಾಭ, ಬರುವಾಗ ಅದನ್ನ ವಾಪಸ್ ಕೊಡಬೇಕು. ಅಮರಿಲ್ಲೋ ಹತ್ತಿರ ನೆಲದಲ್ಲಿ ಮೂತಿ ಹೂತ ಹತ್ತು ಕ್ಯಾಡಿಲಾಕ್ ಕಾರುಗಳಿವೆ, 1974ರಲ್ಲಿ ನೆಟ್ಟಿದ್ದು. ಸ್ಪ್ರೇ ಪೇಂಟ್ ಡಬ್ಬ ತಗೊಂಡು ಹೋಗಿ ನಿಮ್ಮ ಹೆಸರೂ ಬರೀಬಹುದು.

ನನಗೆ ಡ್ರೈವಿಂಗ್ ಇಷ್ಟ, ನಾನಂತೂ ಕಾರೇ ಅಂತೀನಿ.

ಅಲ್ಬುಕರ್ಕಿ ನಿವಾಸಿ
ಸಿಗೋದೇ ಮೂರು ಚಿಲ್ಲರೆ ದಿನ, ಅದರಲ್ಲಿ ಎರಡು ದಿನ ರಸ್ತೆಯಲ್ಲಿ ಕಳೆಯೋದಾ ಸ್ವಾಮಿ? ಡಲ್ಲಾಸ್‌ನಿಂದ ಸ್ಯಾಂಟಾ ಫೆಗೇ ನೇರ ವಿಮಾನ ಇದೆ. ಪುಟ್ಟ ವಿಮಾನ, ಪುಟ್ಟ ನಿಲ್ದಾಣ. ದುಬಾರಿ ಅನ್ನಿಸಿದರೆ ಅಲ್ಬುಕರ್ಕಿಗೆ ಬನ್ನಿ. ಅಲ್ಲಿಂದ ಬಾಡಿಗೆ ಕಾರಲ್ಲಿ ಒಂದು ಗಂಟೆ. ರೈಲ್ ರನ್ನರ್ ಅಂತ ರೈಲೂ ಇದೆ, ವಾರಾಂತ್ಯದಲ್ಲಿ ಓಡಾಟ ಕಡಿಮೆ.

ರೈಲು ಅಂದಮೇಲೆ ಒಂದು ಕಥೆ. ಈ ಊರಿನ ಹೆಸರಿಟ್ಟುಕೊಂಡ ದೊಡ್ಡ ರೈಲ್ವೆ ಕಂಪನಿಯೊಂದಿತ್ತು. ಅದರ ಮುಖ್ಯ ಹಳಿ ಈ ಊರಿಗೇ ಬರಲಿಲ್ಲ! ಬೆಟ್ಟದ ಏರು ಜಾಸ್ತಿ ಅಂತ 1880ರಲ್ಲಿ ದಕ್ಷಿಣದ ಲೇಮಿ ಮೇಲೆ ಹಾದು ಹೋಯಿತು. ಸ್ಯಾಂಟಾ ಫೆಗೆ ಸಿಕ್ಕಿದ್ದು ಒಂದು ಕವಲು ಹಳಿ. ವ್ಯಾಪಾರವೆಲ್ಲ ನಮ್ಮ ಅಲ್ಬುಕರ್ಕಿಗೆ ಬಂತು. ಆ ಊರು ಸಣ್ಣದಾಗಿ ಉಳಿದಿದ್ದಕ್ಕೆ ಇದೂ ಒಂದು ಕಾರಣ.

ಸುಮ್ನೆ ಬಂದೆ
ಒಂದು ಕಹಿ ಮಾತು ಹೇಳಲಾ? ಆ ಊರು ಒಂದು ಸಿನಿಮಾ ಸೆಟ್. ಮಣ್ಣಿನ ಮನೆ ಅಂತ ಫೋಟೋ ತೆಗೀತೀರಲ್ಲ, ಅರ್ಧಕ್ಕರ್ಧ ಮರದ ಚೌಕಟ್ಟಿಗೆ ಸಿಮೆಂಟ್ ಗಾರೆ ಮೆತ್ತಿ ಮಣ್ಣಿನ ಬಣ್ಣ ಬಳಿದಿದ್ದು. ಬ್ಯಾಂಕು, ಪಾರ್ಕಿಂಗ್ ಕಟ್ಟಡ, ಎಲ್ಲಾ ಅದೇ ವೇಷ. ರೂಮ್ ಬಾಡಿಗೆ ನೋಡಿದರೆ ತಲೆ ತಿರುಗುತ್ತೆ. ಅದೇ ದುಡ್ಡಲ್ಲಿ ಆರಿಝೋನಾದ ಸೆಡೋನಾಗೆ ಹೋಗಿ, ಕೆಂಪು ಬಂಡೆಗಳಾದರೂ ಅಸಲಿ.

ಕೃಷ್ಣಾ ದಂಡೆಯವ
ಸಿಮೆಂಟ್ ಮಾತು ನಿಜ. 1912ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯವಾಯಿತು. ರೈಲು ಕೈಕೊಟ್ಟ ಊರಿಗೆ ಪ್ರವಾಸಿಗಳಾದರೂ ಬರಲಿ ಅಂತ ಆಗಲೇ ಒಂದು ಯೋಜನೆ ಹಾಕಿ, ಹಳೇ ಚೆಹರೆಯನ್ನೇ ಉಳಿಸಿ ಬೆಳೆಸೋಣ ಅಂದರು. 1957ರಲ್ಲಿ ಅದು ಕಾನೂನೇ ಆಯಿತು. ಹಳೇ ಪೇಟೆಯಲ್ಲಿ ಏನು ಕಟ್ಟಿದರೂ ಆ ಶೈಲಿಯಲ್ಲೇ ಕಟ್ಟಬೇಕು. ಆದರೆ ನೋಡಿ, ಅದರಿಂದಲೇ ಪ್ಲಾಝಾ (ಊರ ನಡುವಿನ ಚೌಕ) ಸುತ್ತ ಗಾಜಿನ ಗೋಪುರ ಎದ್ದಿಲ್ಲ. ನಮ್ಮೂರ ಪೇಟೆಗಳಿಗೂ ಇಂಥದ್ದೊಂದು ಕಾನೂನು ಇದ್ದಿದ್ದರೆ ಅಂತ ನನಗೆ ಅಲ್ಲಿ ಹೊಟ್ಟೆ ಉರಿದಿತ್ತು.

ಅಸಲಿ ಬೇಕು ಅಂದರೆ ಅದೂ ಇದೆ. ಪ್ಲಾಝಾದ ಉತ್ತರಕ್ಕೆ ಗವರ್ನರುಗಳ ಅರಮನೆ. ಅರಮನೆ ಅಂದರೆ ಒಂದೇ ಅಂತಸ್ತಿನ ಉದ್ದನೆ ಮಣ್ಣಿನ ಕಟ್ಟಡ. ಸ್ಪೇನ್‌ನವರು 1610ರಲ್ಲಿ ಇಲ್ಲಿ ರಾಜಧಾನಿ ಮಾಡಿದ ಕಾಲಕ್ಕೆ ಶುರುವಾಗಿದ್ದು. ನಾನು ಬಾಗಲಕೋಟೆ ಕಡೆಯವನು, ಮಾಳಿಗೆ ಮನೆಯಲ್ಲಿ ಬೆಳೆದವನು. ಸ್ಯಾಂಟಾ ಫೆಯ ಹಳೇ ಮನೆಯೊಳಗೆ ತಲೆ ಎತ್ತಿ ನೋಡಿದರೆ ಅದೇ ತೊಲೆ, ಅದರ ಮೇಲೆ ಅಡ್ಡಕ್ಕೆ ಜಂತೆ, ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ, ನೀರು ಹೊರಗೆ ಬೀಳೋಕೆ ಗೋಡೆಯಿಂದ ಚಾಚಿದ ದೋಣಿ. ಗೋಡೆ ಎರಡು ಅಡಿ ದಪ್ಪ, ಹೊರಗೆ ಸುಡುಬಿಸಿಲಿದ್ದರೂ ಒಳಗೆ ತಂಪು. ಹೆಚ್ಚು ಮಳೆಯಿಲ್ಲದ ಸೀಮೆಯ ಜನ ಎಲ್ಲಿದ್ದರೂ ಕೈಗೆ ಸಿಕ್ಕ ಮಣ್ಣು, ಮರ ಇಟ್ಟುಕೊಂಡು ಇದೇ ಲೆಕ್ಕಕ್ಕೆ ಬರ್ತಾರೆ ಅನ್ನಿಸುತ್ತೆ.

ಗೋಡೆ ನೋಡುವ ಹುಚ್ಚಿದ್ದರೆ ಟಾವೋಸ್ ಪ್ವೆಬ್ಲೋಗೆ ಹೋಗಬೇಕು. ಮೂಲನಿವಾಸಿಗಳ ಊರು, ಮಣ್ಣಲ್ಲೇ ಅಂತಸ್ತಿನ ಮೇಲೆ ಅಂತಸ್ತು ಏರಿಸಿದ್ದಾರೆ. 1992ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಹಳೇ ಭಾಗದಲ್ಲಿ ಇವತ್ತಿಗೂ ಕರೆಂಟ್ ಇಲ್ಲ, ನಲ್ಲಿ ಇಲ್ಲ, ಆದರೂ ಜನ ಇದ್ದಾರೆ. ಮಳೆ, ಹಿಮಕ್ಕೆ ಕೊಚ್ಚಿದ ಗೋಡೆಗೆ ಆಗಾಗ ಹೊಸ ಮಣ್ಣು ಬಳಿಯುತ್ತಾ ಇರ್ತಾರೆ. ಅವರ ಆಚರಣೆಗಳಿದ್ದಾಗ ಹೊರಗಿನವರನ್ನು ಬಿಡಲ್ಲ. ಮೊದಲೇ ವಿಚಾರಿಸಿ. ಕೇಳದೆ ಯಾರ ಫೋಟೋನೂ ತೆಗೀಬೇಡಿ.

ಸುಮ್ನೆ ಬಂದೆ
ಮಾಳಿಗೆ ಮನೆ ನೋಡೋಕೆ ಬಾಗಲಕೋಟೆ ಟಿಕೆಟ್ ತಗೊಂಡರಾಯ್ತು ಬಿಡಿ 😄

ಸೊಪ್ಪಿನ ಸಾರು
ಊಟದ ವಿಷಯ ನನಗೆ ಬಿಡಿ. ಸಸ್ಯಾಹಾರಿಗಳು ಅಲ್ಲಿ ಉಪವಾಸ ಬೀಳಲ್ಲ, ಆದರೆ ಬಾಯಿ ಬಿಟ್ಟು ಕೇಳಬೇಕು. ಹೋಟೆಲಲ್ಲಿ ಕೂತ ತಕ್ಷಣ "ರೆಡ್ ಆರ್ ಗ್ರೀನ್" ಅಂತ ಕೇಳ್ತಾರೆ. ಕೆಂಪು ಚಿಲಿ (ಅಲ್ಲಿನ ಮೆಣಸಿನಕಾಯಿ) ಗೊಜ್ಜಾ, ಹಸಿರು ಚಿಲಿ ಗೊಜ್ಜಾ ಅಂತ. ಇದು ಆ ರಾಜ್ಯದ ಅಧಿಕೃತ ಪ್ರಶ್ನೆ, ತಮಾಷೆಯಲ್ಲ, ಶಾಸನಸಭೆಯೇ ಗೊತ್ತುಮಾಡಿದ್ದು. ಎರಡೂ ಬೇಕು ಅಂದರೆ "ಕ್ರಿಸ್‌ಮಸ್" ಅನ್ನಿ. ಒಂದೇ ಗಿಡದ ಕಾಯಿ, ಹಸಿರಿದ್ದಾಗ ಕಿತ್ತು ಸುಟ್ಟರೆ ಗ್ರೀನ್, ಹಣ್ಣಾಗಿ ಒಣಗಿದ್ದು ರೆಡ್.

ತೊಂದರೆ ಇರೋದು ಇಲ್ಲಿ: ಕೆಂಪಿನಲ್ಲಿ ಎಷ್ಟೋ ಕಡೆ ಹಂದಿಮಾಂಸ ಇರುತ್ತೆ, ಹಸಿರಿನಲ್ಲಿ ಕೋಳಿ ಸಾರು ಇರುತ್ತೆ. ಬೇಯಿಸಿ ಅರೆದ ಬೀನ್ಸ್ ಕಾಳಿಗೆ, ಕೆಲವು ಕಡೆ ಟೋರ್ಟಿಯಾಗೂ (ಅಲ್ಲಿನ ರೊಟ್ಟಿ), ಲಾರ್ಡ್ ಅಂದರೆ ಹಂದಿ ಕೊಬ್ಬು ಹಾಕ್ತಾರೆ. "ವೆಜಿಟೇರಿಯನ್" ಅಂದರೆ ಮೇಲೆ ಮಾಂಸದ ತುಂಡಿಲ್ಲ ಅಂತ ಮಾತ್ರ ಅರ್ಥ ಮಾಡಿಕೊಳ್ಳುವವರಿದ್ದಾರೆ. ಹಾಗಾಗಿ ಲಾರ್ಡ್ ಇದೆಯಾ, ಚಿಕನ್ ಬ್ರಾತ್ ಇದೆಯಾ ಅಂತ ಬಿಡಿಸಿ ಕೇಳಿ. ಸಸ್ಯಾಹಾರಿ ಗೊಜ್ಜು ಮಾಡುವ ಹೋಟೆಲುಗಳು ಬೇಕಾದಷ್ಟಿವೆ, ಮೆನುವಿನಲ್ಲೇ ಬರೆದಿರ್ತಾರೆ.

ನೀಲಿ ಮೆಕ್ಕೆಜೋಳದ ಎಂಚಿಲಾಡಾ (ಟೋರ್ಟಿಯಾಗೆ ಹೂರಣ ಇಟ್ಟು ಚಿಲಿ ಗೊಜ್ಜು ಸುರಿದಿದ್ದು) ತಗೊಳ್ಳಿ, ಬಣ್ಣ ನೋಡಿ ಹಿಂಜರೀಬೇಡಿ. ಕಲಬಸೀಟಾಸ್ ಅಂದರೆ ಎಳೇ ಸ್ಕ್ವಾಷ್, ಮೆಕ್ಕೆಜೋಳ, ಹಸಿರು ಚಿಲಿ ಹಾಕಿದ ಪಲ್ಯ. ಕೊನೆಗೆ ಪೂರಿಯಂತೆ ಕರಿದು ಉಬ್ಬಿದ ಸೊಪಪೀಯಾ ಬರುತ್ತೆ, ಮೂಲೆ ಕಿತ್ತು ಒಳಗೆ ಜೇನು ಸುರಿದು ತಿನ್ನಬೇಕು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರ್ ಅಂದರೆ ಹಸಿರು ಚಿಲಿ ಸುಡುವ ಕಾಲ. ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿ ತಂತಿಯ ಪೀಪಾಯಿ ತಿರುಗಿಸುತ್ತಾ ಗ್ಯಾಸ್ ಉರಿಯಲ್ಲಿ ಸುಡ್ತಾರೆ. ಆ ಘಾಟು ಹಿಡಿದುಕೊಂಡೇ ಅಂಗಡಿ ಹುಡುಕಬಹುದು. ನೀವು ಸರಿಯಾದ ಹೊತ್ತಿಗೇ ಹೋಗ್ತಿದ್ದೀರಿ, ವಾರ ಬದಲಾಯಿಸಬೇಡಿ.

ಬೆಟ್ಟ ಹತ್ತುವವ
ಡಲ್ಲಾಸ್ ಇರೋದು ಆರೇಳುನೂರು ಅಡಿಯೊಳಗೆ. ಅಲ್ಲಿಂದ ನೇರ 7,000ಕ್ಕೆ ಹೋದರೆ ಮೊದಲ ದಿನ ತಲೆ ಭಾರ, ಮೆಟ್ಟಿಲು ಹತ್ತಿದರೆ ಏದುಸಿರು ಸಾಮಾನ್ಯ. ನೀರು ಜಾಸ್ತಿ ಕುಡೀರಿ. ಮೊದಲ ಸಂಜೆ ವೈನ್ ಕಡಿಮೆ ಇರಲಿ, ಅಲ್ಲಿ ಬೇಗ ಏರುತ್ತೆ. ತುಟಿಗೆ, ಮೂಗಿಗೆ ವ್ಯಾಸಲಿನ್ ಇಟ್ಟುಕೊಳ್ಳಿ, ಗಾಳಿ ಅಷ್ಟು ಒಣ.

ಬಾಡಿಗೆ ಮನೆ ಹಿಡಿದು ಅನ್ನ ಮಾಡ್ತೀರಾದರೆ ಕುಕ್ಕರ್ ಇದೆಯಾ ನೋಡಿ. ಆ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಬೇಯೋ ಹೊತ್ತಿಗೆ ನಿಮ್ಮ ವಾರಾಂತ್ಯ ಮುಗಿದಿರುತ್ತೆ.

ಬ್ಯಾಂಡೆಲಿಯರ್ ಮಾತ್ರ ಬಿಡಬೇಡಿ. ಸ್ಯಾಂಟಾ ಫೆಯಿಂದ ಒಂದು ಗಂಟೆ. ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆದ ಮೆತ್ತನೆ ಬಂಡೆ, ಅದರಲ್ಲಿ ಕೊರೆದ ಮನೆಗಳು. ಪ್ವೆಬ್ಲೋ ಜನರ ಪೂರ್ವಿಕರು ಸುಮಾರು 1150ರಿಂದ 1550ರವರೆಗೆ ಆ ಕಣಿವೆಯಲ್ಲಿದ್ದರು. ಏಣಿ ಹತ್ತಿ ಗೂಡಿನೊಳಗೆ ಇಣುಕಬಹುದು, ಚಾವಣಿಯಲ್ಲಿ ಒಲೆಯ ಮಸಿ ಇನ್ನೂ ಇದೆ. ಮುಂದೆ ಆಲ್ಕೋವ್ ಹೌಸ್ ಅಂತ 140 ಅಡಿ ಮೇಲೆ ಒಂದು ಗುಹೆ, ಮರದ ಏಣಿಗಳಲ್ಲಿ ಹತ್ತಬೇಕು. ಕೆಳಗೆ ನೋಡಿದರೆ ತಲೆಸುತ್ತುವವರು ಅದನ್ನು ಬಿಡಿ. ಬೇಸಿಗೆ ತಿಂಗಳಲ್ಲಿ ಹಗಲು ಹೊತ್ತು ಕಾರು ಒಳಗೆ ಬಿಡದೆ ವೈಟ್ ರಾಕ್‌ನಿಂದ ಶಟಲ್ ಬಸ್ಸಲ್ಲಿ ಕಳಿಸ್ತಾರೆ. ಆ ವಾರದ ಏರ್ಪಾಡು ಏನಿದೆ ಅಂತ ಪಾರ್ಕ್ ಜಾಲತಾಣದಲ್ಲಿ ನೋಡಿಕೊಳ್ಳಿ.

ಪ್ಲೇನೋ ಜೋಡಿ
ಎಲ್ಲರಿಗೂ ಥ್ಯಾಂಕ್ಸ್. ವಿಮಾನ ಅಂತ ತೀರ್ಮಾನ ಆಯ್ತು. ವೈಟ್ ಸ್ಯಾಂಡ್ಸ್ ಬಿಟ್ಟರು, ಮುಖ ಸ್ವಲ್ಪ ಸಣ್ಣದಾಗಿದೆ. ಈಗ ಜಗಳ ಲಾಸ್ ಅಲಮೋಸ್ ಮೇಲೆ. ಅಣುಬಾಂಬ್ ಮಾಡಿದ ಊರು, ಅವರಿಗೆ ಅರ್ಧ ದಿನ ಬೇಕಂತೆ. ನನಗೆ ಬಾಂಬ್ ನೋಡಿ ಏನಾಗಬೇಕು?

ಮೈಸೂರಿನ ಮಾಲಕ್ಕ
ನೋಡಮ್ಮ, ನಮ್ಮ ಮದುವೆಯಾಗಿ ಮೂವತ್ತು ವರ್ಷದ ಮೇಲಾಯಿತು. ಒಂದು ಉಪಾಯ ಹೇಳ್ತೀನಿ. ಒಂದು ಮಧ್ಯಾಹ್ನ ಬೇರೆ ಬೇರೆ ಹೋಗಿ. ಜೋಡಿಯಾಗಿ ಪ್ರವಾಸ ಅಂದರೆ ಹೊತ್ತೂ ಹೊತ್ತೂ ಅಂಟಿಕೊಂಡಿರಬೇಕು ಅಂತ ಎಲ್ಲೂ ಬರೆದಿಲ್ಲ. ಅವರು ಬಾಡಿಗೆ ಕಾರು ತಗೊಂಡು ಲಾಸ್ ಅಲಮೋಸ್‌ಗೆ ಹೋಗಲಿ. ಬ್ರಾಡ್‌ಬರಿ ವಿಜ್ಞಾನ ಸಂಗ್ರಹಾಲಯಕ್ಕೆ ಟಿಕೆಟ್ ಇಲ್ಲ, ಜಪಾನ್ ಮೇಲೆ ಹಾಕಿದ ಎರಡೂ ಬಾಂಬುಗಳ ಮಾದರಿ ಇಟ್ಟಿದ್ದಾರೆ, ಓಪನ್‌ಹೈಮರ್ ಇದ್ದ ಮನೆ ನಡೆದು ನೋಡುವಷ್ಟು ಹತ್ತಿರ. ತೆರೆದಿರುವ ದಿನ ಮಾತ್ರ ನೋಡಿಕೊಳ್ಳಲಿ.

ನೀನು ಮ್ಯೂಸಿಯಂ ಹಿಲ್‌ಗೆ ಟ್ಯಾಕ್ಸಿ ಹಿಡಿ. ಅಲ್ಲಿ ಜನಪದ ಕಲೆಯ ಅಂತರರಾಷ್ಟ್ರೀಯ ಸಂಗ್ರಹಾಲಯ ಇದೆ. ಅಲೆಕ್ಸಾಂಡರ್ ಜಿರಾರ್ಡ್ ಅನ್ನೋ ವಿನ್ಯಾಸಕಾರ ತನ್ನ ಹೆಂಡತಿ ಜೊತೆ ಲೋಕವೆಲ್ಲ ಸುತ್ತಿ ಒಂದು ಲಕ್ಷಕ್ಕೂ ಜಾಸ್ತಿ ಗೊಂಬೆ, ಆಟಿಕೆ, ಬಟ್ಟೆ ಕೂಡಿಸಿ ಕೊಟ್ಟಿದ್ದಾರೆ. 1982ರಿಂದ ಅದರಲ್ಲಿ ಒಂದು ಪಾಲನ್ನು ದೊಡ್ಡ ಹಜಾರದಲ್ಲಿ ಜೋಡಿಸಿಟ್ಟಿದ್ದಾರೆ. ಇಡೀ ಊರು, ಸಂತೆ, ಮೆರವಣಿಗೆ, ಸ್ವರ್ಗ ನರಕ ಎಲ್ಲಾ ಗೊಂಬೆಯಲ್ಲೇ. ಭಾರತದವೂ ಇವೆ. ದಸರಾ ಗೊಂಬೆ ಕೂರಿಸಿ ಅಭ್ಯಾಸ ಇರುವವರು ಅಲ್ಲಿಂದ ಏಳೋದೇ ಇಲ್ಲ. ಪಕ್ಕದಲ್ಲಿ ಗಂಡ ಗಡಿಯಾರ ನೋಡುತ್ತಾ ನಿಂತಿರಬಾರದು ಅಷ್ಟೇ.

ಸಂಜೆ ಸೇರಿ. ಆಗ ಮಾತಾಡೋಕೆ ಇಬ್ಬರ ಹತ್ತಿರವೂ ಏನಾದರೂ ಇರುತ್ತೆ.

ಬೆಟ್ಟ ಹತ್ತುವವ
ಮಾಲಕ್ಕ, ಇದನ್ನ ನನ್ನ ಹೆಂಡತಿಗೆ ತೋರಿಸ್ತಿದ್ದೀನಿ.

ಅಲ್ಬುಕರ್ಕಿ ನಿವಾಸಿ
ಗೊಂಬೆ ಸುಡೋದರ ಬಗ್ಗೆ ಯಾರೂ ಉತ್ತರಿಸಿಲ್ಲ. ಅದರ ಹೆಸರು ಝೋಝೋಬ್ರಾ. ವಿಲ್ ಶುಸ್ಟರ್ ಅನ್ನೋ ಕಲಾವಿದ 1924ರಲ್ಲಿ ಶುರು ಮಾಡಿದ್ದು. ಈಗ 50 ಅಡಿ ಎತ್ತರದ ಬಿಳಿ ಗೊಂಬೆ, ಕೈ, ಬಾಯಿ ಎಲ್ಲಾ ಆಡುತ್ತೆ. ಲೇಬರ್ ಡೇ ಹಿಂದಿನ ಶುಕ್ರವಾರ ರಾತ್ರಿ ಫೋರ್ಟ್ ಮಾರ್ಸಿ ಪಾರ್ಕಿನಲ್ಲಿ ಸುಡ್ತಾರೆ. ಅದರ ಹೊಟ್ಟೆಗೆ ಆ ವರ್ಷದ ದುಃಖ ತುಂಬಬೇಕು. ಜನ ಚೀಟಿ ಬರೆದು ಹಾಕ್ತಾರೆ. ವಿಚ್ಛೇದನದ ಕಾಗದ, ತೀರಿದ ಸಾಲದ ಪತ್ರ, ಹಳೇ ಪೊಲೀಸ್ ವರದಿ, ಎಲ್ಲಾ ಹೋಗುತ್ತೆ. ಹತ್ತಾರು ಸಾವಿರ ಜನ ಸೇರ್ತಾರೆ. ಪಾರ್ಕಿಂಗ್ ಮರೆತುಬಿಡಿ. ಪ್ಲಾಝಾ ಹತ್ತಿರ ರೂಮ್ ಮಾಡಿದರೆ ನಡೆದೇ ಹೋಗಬಹುದು. ಟಿಕೆಟ್ ಮೊದಲೇ ತಗೊಳ್ಳಿ.

ಸುಮ್ನೆ ಬಂದೆ
ಆ ಎಕ್ಸೆಲ್ ಶೀಟನ್ನೇ ಹಾಕಿ ಸುಡಿ.

ಪ್ಲೇನೋ ಜೋಡಿ
(ಗಂಡ ಬರೀತಿದ್ದೀನಿ) ಓದ್ತಾ ಇದ್ದೀನಿ ಸ್ವಾಮಿ. ಶೀಟ್ ಕ್ಲೌಡ್‌ನಲ್ಲಿದೆ, ಸುಡೋಕಾಗಲ್ಲ.

ಪ್ಲೇನೋ ಜೋಡಿ
ಹೋಗಿ ಬಂದೆವು! ಕೇಳಿದವರಿಗಾಗಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಶುಕ್ರವಾರ ಇಳಿದ ಸಂಜೆಯೇ ಝೋಝೋಬ್ರಾ. ಬೆಳಕೆಲ್ಲ ಆರಿಸಿದರು. ಬಿಳಿ ಬಟ್ಟೆ ಹೊದ್ದ ಪುಟ್ಟ ಮಕ್ಕಳು ಬಂದು ಗೊಂಬೆಯ ಕಾಲ ಬಳಿ ಕುಣಿದರು, ಅವರು ದುಃಖದ ಭೂತಗಳಂತೆ. ಆಮೇಲೆ ಕೆಂಪು ವೇಷದ ಬೆಂಕಿ ಕುಣಿತದವರು. ಗೊಂಬೆ ಮೈಕಿನಲ್ಲಿ ನರಳೋಕೆ ಶುರು ಮಾಡ್ತು. ಸುಡೋಕೆ ಮುಂಚಿನಿಂದಲೇ ನರಳುತ್ತೆ, ಬೆಂಕಿ ಹತ್ತಿದ ಮೇಲೆ ಊಳಿಡುತ್ತೆ. ಸುತ್ತ ಎಲ್ಲರೂ "ಬರ್ನ್ ಹಿಮ್" ಅಂತ ಕೂಗ್ತಾರೆ. ನನ್ನ ಪಕ್ಕದಲ್ಲಿದ್ದ ಅಜ್ಜಿ ಎಲ್ಲರಿಗಿಂತ ಜೋರಾಗಿ ಕೂಗ್ತಿದ್ದರು. ಮೊದಲು ನನಗೆ ಸಂಕೋಚ, ಐದು ನಿಮಿಷದಲ್ಲಿ ನನ್ನ ಗಂಟಲೂ ಕಟ್ಟಿತ್ತು. ನಾವೂ ಚೀಟಿ ಹಾಕಿದ್ದೆವು. ಅವರು ಏನು ಬರೆದರು ಅಂತ ನಾನು ಕೇಳಿಲ್ಲ, ನಾನು ಬರೆದಿದ್ದನ್ನ ಹೇಳಿಲ್ಲ.

ಶನಿವಾರ ಬೆಳಿಗ್ಗೆ ಪ್ಲಾಝಾ. ಕೃಷ್ಣಾ ದಂಡೆಯವರು ಹೇಳಿದ ಅರಮನೆಯ ಉದ್ದನೆ ಜಗಲಿಯಲ್ಲಿ ಮೂಲನಿವಾಸಿ ಕುಶಲಕರ್ಮಿಗಳು ಬಟ್ಟೆ ಹಾಸಿ ಒಡವೆ ಇಟ್ಟುಕೊಂಡು ಕೂರ್ತಾರೆ. ಅಲ್ಲಿ ಮಾರುವುದು ಅವರೋ ಅವರ ಮನೆಯವರೋ ಕೈಯಾರೆ ಮಾಡಿದ್ದೇ ಆಗಿರಬೇಕು, ಸಂಗ್ರಹಾಲಯದವರೇ ಆ ನಿಯಮ ಇಟ್ಟಿದ್ದಾರೆ. ಆ ನೀಲಿಹಸಿರು ಟರ್ಕ್ವಾಯ್ಸ್ ಕಲ್ಲಿನ ಓಲೆ ತಗೊಂಡೆ. ಮಾಡಿದವರೇ ಹಿಂದೆ ಕೊರೆದ ಗುರುತು ತೋರಿಸಿದರು. ಚೌಕಾಸಿ ಮಾಡೋಕೆ ಬಾಯಿ ಬರಲಿಲ್ಲ. ಸುತ್ತಮುತ್ತ "70% ರಿಯಾಯಿತಿ" ಬೋರ್ಡ್ ಹಾಕಿದ ಅಂಗಡಿಗಳೂ ಇವೆ. ಅಲ್ಲಿ ಯಾರು ಮಾಡಿದ್ದು ಅಂತ ಕೇಳಿದರೆ ಮಾತು ಬೇರೆ ಕಡೆ ಹೋಗುತ್ತೆ.

ಲೊರೆಟ್ಟೋ ಚಾಪೆಲ್‌ನ ಸುರುಳಿ ಮೆಟ್ಟಿಲು ನೋಡಿದೆವು. 33 ಮೆಟ್ಟಿಲು, ಎರಡು ಪೂರ್ತಿ ಸುತ್ತು, ನಡುವೆ ಕಂಬವಿಲ್ಲ. ಯಾರೋ ಅಪರಿಚಿತ ಬಡಗಿ ಬಂದು ಕಟ್ಟಿ ಹೇಳದೆ ಹೋದ ಅನ್ನೋದು ಅಲ್ಲಿನ ನಂಬಿಕೆ. ಹತ್ತೋಕೆ ಬಿಡಲ್ಲ. ಕಾಲು ಗಂಟೆ ಸಾಕು.

ಮಧ್ಯಾಹ್ನ ಮಾಲಕ್ಕನ ಉಪಾಯ. ಅವರು ಕಾರು ತಗೊಂಡು ಹೊರಟರು, ನಾನು ಮ್ಯೂಸಿಯಂ ಹಿಲ್‌ಗೆ. ಮಾಲಕ್ಕ, ಆ ಗೊಂಬೆ ಹಜಾರದ ಬಗ್ಗೆ ನೀವು ಕಡಿಮೆಯೇ ಹೇಳಿದ್ದಿರಿ. ಒಂದೊಂದು ಗಾಜಿನ ಪೆಟ್ಟಿಗೆಯಲ್ಲಿ ನೂರಾರು ಗೊಂಬೆ. ಪಕ್ಕದಲ್ಲಿ ಹೆಸರು ಚೀಟಿಯೂ ಇಲ್ಲ, ಬೇಕಾದವರು ಪುಸ್ತಕ ತೆಗೆದು ನೋಡಬೇಕು. ಹಾಗಾಗಿ ಓದೋ ಕೆಲಸವೇ ಇಲ್ಲ, ಸುಮ್ನೆ ನೋಡೋದು. ನನ್ನನ್ನು ಯಾರೂ "ಆಯ್ತಾ?" ಅಂತ ಕೇಳಲಿಲ್ಲ. ಹೊರಗೆ ಬಂದು ಕಾಫಿ ಕುಡಿದೆ, ಹೌದು, ಬಿಸಿಯಾಗಿಯೇ.

ಸಂಜೆ ಊಟಕ್ಕೆ ಕೂತಾಗ ಅವರು ಒಂದು ಗಂಟೆ ಮಾತಾಡಿದರು. ಸ್ಯಾಂಟಾ ಫೆಯ ಈಸ್ಟ್ ಪ್ಯಾಲೇಸ್ ಬೀದಿಯ 109ನೇ ನಂಬರಿನ ಪುಟ್ಟ ಕಚೇರಿಗೆ, ಬಾಂಬ್ ಕೆಲಸಕ್ಕೆ ಲಾಸ್ ಅಲಮೋಸ್‌ಗೆ ಹೋಗುವ ವಿಜ್ಞಾನಿಗಳು ಮೊದಲು ಬಂದು ವರದಿ ಮಾಡಿಕೊಳ್ಳಬೇಕಿತ್ತಂತೆ. ಡೊರೊಥಿ ಮೆಕಿಬಿನ್ ಅನ್ನೋ ಮಹಿಳೆ ಪಾಸ್ ಕೊಟ್ಟು ಬೆಟ್ಟಕ್ಕೆ ಕಳಿಸ್ತಿದ್ದರು. ನಾನು ಬೆಳಿಗ್ಗೆ ಅದರ ಮುಂದೆಯೇ ಓಲೆ ಚೀಲ ಹಿಡಿದು ಹಾದು ಹೋಗಿದ್ದೆ! ಬಾಂಬ್ ಬಗ್ಗೆ ಕೇಳೋಕೆ ನನಗೆ ಇಷ್ಟು ಆಸಕ್ತಿ ಬರುತ್ತೆ ಅಂದುಕೊಂಡಿರಲಿಲ್ಲ. ನಾನೂ ಗೊಂಬೆಗಳ ಬಗ್ಗೆ ಒಂದು ಗಂಟೆ ಕೊರೆದೆ, ಅವರು ಫೋನ್ ಮುಟ್ಟಲಿಲ್ಲ.

ಭಾನುವಾರ ಬ್ಯಾಂಡೆಲಿಯರ್. ನಾನು ಎರಡನೇ ಏಣಿಗೆ ನಿಂತೆ, ಅವರು ಮೇಲೆ ಹೋಗಿ ಕೈ ಬೀಸಿದರು. ಟಾವೋಸ್ ಬಿಟ್ಟೆವು. ಬಿಟ್ಟಿದ್ದೇ ಒಳ್ಳೇದಾಯ್ತು, ಸಂಜೆ ಕ್ಯಾನ್ಯನ್ ರೋಡಿನ ಗ್ಯಾಲರಿಗಳ ಮುಂದೆ ಗೊತ್ತುಗುರಿ ಇಲ್ಲದೆ ಅಡ್ಡಾಡಿದೆವು. ಒಂದು ಚಿತ್ರದ ಬೆಲೆ ಕೇಳಿ ಇಬ್ಬರೂ ಮುಖ ಗಂಭೀರ ಮಾಡಿಕೊಂಡು "ಯೋಚನೆ ಮಾಡ್ತೀವಿ" ಅಂದು ಹೊರಗೆ ಬಂದು ನಕ್ಕಿದ್ದೇ ನಕ್ಕಿದ್ದು.

ದುಬಾರಿ ಅನ್ನೋದು ನಿಜ. ರೂಮಿಗೆ ಕೊಟ್ಟಿದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರ್ ಅನ್ನುತ್ತೆ.

ಸೊಪ್ಪಿನ ಸಾರು
ಚಿಲಿ ತಂದಿರಾ?

ಪ್ಲೇನೋ ಜೋಡಿ
ಸುಟ್ಟಿದ್ದನ್ನ ವಿಮಾನದಲ್ಲಿ ತರೋಕೆ ಧೈರ್ಯ ಬರಲಿಲ್ಲ. ಚಿಮಾಯೋದ ಕೆಂಪು ಪುಡಿ ತಂದೆ. ಅತ್ತೆ ಸಾರಿಗೆ ಹಾಕಿ ನೋಡಿದರು, ಬಣ್ಣ ಒಪ್ಪಿದರು, ವಾಸನೆ ಒಪ್ಪಲಿಲ್ಲ. ಈಗ ಅದು ದೋಸೆ ಜೊತೆ ತುಪ್ಪಕ್ಕೆ ಕಲಸಿಕೊಳ್ಳೋಕೆ ಖರ್ಚಾಗ್ತಿದೆ.

ಹ್ಯೂಸ್ಟನ್ ಹೊಸಬ
ನಾವು ಅಕ್ಟೋಬರ್‌ನಲ್ಲಿ ಹೋಗೋಣ ಅಂತಿದ್ದೇವೆ. ಆಗ ಹೇಗಿರುತ್ತೆ?

ಅಲ್ಬುಕರ್ಕಿ ನಿವಾಸಿ
ಚೆನ್ನಾಗಿರುತ್ತೆ, ಬೆಟ್ಟದ ಮೇಲಿನ ಆಸ್ಪೆನ್ ಮರಗಳು ಹಳದಿಗೆ ತಿರುಗಿರುತ್ತೆ. ಸ್ಕೀ ರಸ್ತೆ ಹಿಡಿದು ಆಸ್ಪೆನ್ ವಿಸ್ಟಾವರೆಗೆ ಹೋಗಿ. ಆದರೆ ಅಕ್ಟೋಬರ್ ಮೊದಲ ವಾರಗಳಲ್ಲಿ ನಮ್ಮೂರಲ್ಲಿ ಬಲೂನ್ ಹಬ್ಬ, ಸ್ಯಾಂಟಾ ಫೆಯವರೆಗೂ ರೂಮ್ ಸಿಗಲ್ಲ. ಸಿಕ್ಕರೂ ಬೆಲೆ ದುಪ್ಪಟ್ಟು. ದಿನ ಗೊತ್ತಿದ್ದರೆ ಈಗಲೇ ಹಿಡಿದುಬಿಡಿ.